ಮುಂಡಪ್ಪನವರ ಲೈನ್ ಸರಿ ಇತ್ತು

ಮುಂಡಪ್ಪನವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ವಿನಯಕ್ಕಾಗಿ ಹೇಳುವ ಮಾತಲ್ಲ ಇದು. ವಿನಯ ನನ್ನ ಸ್ವಭಾವದಲ್ಲೇ ಇಲ್ಲವೆಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಬೇರೆ ಯಾರಾದರೂ ಬರೆಯುತ್ತಿದ್ದರೆ ನಾನು ಬಾಯಿ ಮುಚ್ಚಿಕೊಂಡು ಓದುತ್ತಿದ್ದೆ. ಆದರೆ ದಿನಗೂಲಿಯ ಲೈನ್‌ಮ್ಯಾನ್ ಒಬ್ಬರ ಬಗ್ಗೆ ಯಾರು ತಾನೇ ಬರೆಯುತ್ತಾರೆ? ಬರೆಯಲಿಕ್ಕೆ ಬೇಕಾದ ವಿಷಯ ಗೊತ್ತಿರುವವನು ನಾನೊಬ್ಬನೇ, ಅದು ಅವರ ದುರದೃಷ್ಟ.

ಅವರು ಕನ್ಯಾನದ ಕಡೆಯವರು. ತಂದೆ ಗುಡ್ಡದ ಬದಿಯಲ್ಲಿ ಬೇರೆಯವರ ಗದ್ದೆ ಮಾಡಿಕೊಂಡಿದ್ದರಂತೆ. ಮುಂಡಪ್ಪನವರು ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಊರೂರು ತಿರುಗಿ ಬಾವಿ ತೋಡಿ, ಕಲ್ಲು ಹೊತ್ತು, ೧೯೭೬ರಲ್ಲಿ ಟೆಲಿಫೋನ್ ಕಂಬ ಹೊರುವ ಕೂಲಿಗೆ ನಮ್ಮ ಊರಿಗೆ ಬಂದರು. ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಬೆಳ್ತಂಗಡಿ, ಮೂಡಬಿದ್ರೆ, ಬಂಟ್ವಾಳ ಮೂರಕ್ಕೂ ಅಲ್ಲಿಂದ ಬಸ್ಸಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆಯ ದಾರಿ, ಇಷ್ಟು ಸಾಕು. ಕಂಬ ಹೊತ್ತವರಲ್ಲಿ ಉಳಿದವರೆಲ್ಲ ಕೆಲಸ ಮುಗಿದ ಮೇಲೆ ಹೋದರು, ಇವರು ಹೋಗಲಿಲ್ಲ. ಕಂಬ ನೆಟ್ಟ ಮೇಲೆ ಅದನ್ನು ನೋಡಿಕೊಳ್ಳಲು ಒಬ್ಬ ಬೇಕಲ್ಲ. ಸೈಕಲ್ಲಿನ ಹ್ಯಾಂಡಲ್ಲಿಗೆ ತಂತಿಯ ಸುರುಳಿ, ಸೊಂಟದಲ್ಲಿ ಕಟಿಂಗ್ ಪ್ಲೇಯರ್, ಹೆಗಲಿಗೆ ಪರೀಕ್ಷೆ ಮಾಡುವ ಕರಿ ಫೋನು, ಹೀಗೆ ಹನ್ನೊಂದು ವರ್ಷ ತಿರುಗಿದರು. ಹನ್ನೊಂದು ವರ್ಷವೂ ದಿನಗೂಲಿಯೇ.

ತಂತಿಗೆ ತಂತಿ ಜೋಡಿಸುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಮಸಿ ಹಿಡಿದ ತಂತಿಯ ತುದಿಯನ್ನು ಹೊಳೆಯುವ ತನಕ ಉಜ್ಜುತ್ತಿದ್ದರು, ಆಮೇಲೆ ಸುತ್ತುಗಳನ್ನು ಎಣಿಸಿ ತಿರುಚುತ್ತಿದ್ದರು. ತಂತಿಯಲ್ಲಿ ವಿದ್ಯುತ್ ಉಂಟಾ ಎಂದು ನಾಲಗೆಯ ತುದಿಗೆ ಮುಟ್ಟಿಸಿ ನೋಡುತ್ತಿದ್ದರು. “ಹುಳಿ ಹುಳಿ ಉಂಟು, ಜೀವ ಉಂಟು” ಎನ್ನುತ್ತಿದ್ದರು. ನಾನು ಡಿಪ್ಲೊಮಾ ಮಾಡಿದವನು, ನಾಲ್ಕು ಮೀಟರುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡವನು, ನಗುತ್ತಿದ್ದೆ.

ಅವರು ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಅವರು ನನ್ನನ್ನು “ಭಟ್ರೇ, ನೀವು” ಎನ್ನುತ್ತಿದ್ದರು. ನಾನು ಅವರನ್ನು “ಮುಂಡಪ್ಪ, ನೀನು” ಎನ್ನುತ್ತಿದ್ದೆ. ಇಲ್ಲಿ ಬರೆಯುವಾಗ ‘ಅವರು’ ಎಂದು ಬರೆಯುತ್ತಿದ್ದೇನೆ. ಎದುರಿಗಿದ್ದಾಗ ಕೊಡದ ಮರ್ಯಾದೆಯನ್ನು ಕಾಗದದಲ್ಲಿ ಕೊಡುವುದು ಸುಲಭ.

ನನ್ನ ವಿಷಯ ಸ್ವಲ್ಪ ಹೇಳದೆ ಅವರ ಕತೆ ಮುಂದೆ ಹೋಗದು. ನಾನು ಕೇಶವಪ್ರಸಾದ. ನಮ್ಮ ಊರಿನ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಹಿಡಿ ತಿರುಗಿಸುವ ಕಾಲದ್ದು. ಒಬ್ಬರು ಕುಳಿತು, “ನಂಬರ್ ಯಾವುದು?” ಎಂದು ಕೇಳಿ, ಕೈಯಲ್ಲೇ ತಂತಿ ಚುಚ್ಚಿ ಜೋಡಿಸುತ್ತಿದ್ದರು. ೧೯೮೫ರ ಕೊನೆಗೆ ಅದರ ಜಾಗಕ್ಕೆ, ಪ್ರಯೋಗಕ್ಕೆಂದು, ಬೀರುವಿನಷ್ಟು ದೊಡ್ಡ ಒಂದು ಎಲೆಕ್ಟ್ರಾನಿಕ್ ಯಂತ್ರ ಬಂತು. ಅದನ್ನು ತಯಾರಿಸಿದ ಸಣ್ಣ ಕಾರ್ಖಾನೆಯಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ್ದೆ. ಆ ಭಾಗದ ಭಾಷೆ ಗೊತ್ತಿದ್ದವನೆಂದು ಯಂತ್ರದ ಜೊತೆ ನನ್ನನ್ನೂ ಕಳಿಸಿಕೊಟ್ಟರು.

ಆ ಯಂತ್ರದೊಳಗೆ ಒಂದು ಸಣ್ಣ ಕಂಪ್ಯೂಟರ್ ಇತ್ತು. ಅದರ ಪ್ರೋಗ್ರಾಮಿನ ನಡುಭಾಗವನ್ನು ನಾವು ಕರ್ನಲ್ ಎನ್ನುತ್ತಿದ್ದೆವು, ಎಂದರೆ ತಿರುಳು. ಊರಿನ ತೊಂಬತ್ತಾರು ಫೋನುಗಳಲ್ಲಿ ಯಾರು ರಿಸೀವರ್ ಎತ್ತಿದರು ಎಂದು ಕ್ಷಣಕ್ಷಣವೂ ನೋಡುವುದು, ಎತ್ತಿದವರನ್ನು ಸಾಲಿನಲ್ಲಿ ನಿಲ್ಲಿಸುವುದು, ಸರದಿ ಬಂದವರಿಗೆ ‘ಕುಂಯ್’ ಎಂಬ ಸದ್ದು ಕೊಡುವುದು, ಅವರು ತಿರುಗಿಸಿದ ನಂಬರನ್ನು ಕೇಳಿಸಿಕೊಂಡು ಬಂಟ್ವಾಳಕ್ಕೋ ಬೆಳ್ತಂಗಡಿಗೋ ದಾಟಿಸುವುದು, ಇಷ್ಟು ಅದರ ಕೆಲಸ. ಒಂದೇ ಸಲಕ್ಕೆ ನಾಲ್ಕು ಜನರ ನಂಬರನ್ನು ಮಾತ್ರ ಅದು ಕೇಳಿಸಿಕೊಳ್ಳಬಲ್ಲದು. ಐದನೆಯವರು ಕಾಯಬೇಕು. ಯಾರು ಕಾಯಬೇಕು, ಯಾರಿಗೆ ಮೊದಲು ಸರದಿ ಎಂದು ತೀರ್ಮಾನಿಸುವ ಭಾಗವನ್ನು ಬರೆದವನು ನಾನು. ಹಾಳೂರಿಗೆ ಉಳಿದವನೇ ಗೌಡ ಎಂಬ ಹಾಗೆ, ಆ ಭಾಗದಲ್ಲಿ ಈ ವಿದ್ಯೆ ಗೊತ್ತಿದ್ದವನು ನಾನೊಬ್ಬನೇ. ತಲೆ ತಿರುಗಲು ಅಷ್ಟು ಸಾಕಾಯಿತು.

ಮೊದಲ ವರ್ಷ ಎಲ್ಲರಿಗೂ ಒಂದೇ ಸಾಲು. ಮೊದಲು ಎತ್ತಿದವನಿಗೆ ಮೊದಲು ಸದ್ದು. ಆದರೆ ಬೆಳಿಗ್ಗೆ ಹತ್ತೂವರೆಗೆ ಬಂಟ್ವಾಳ, ಮಂಗಳೂರಿನಲ್ಲಿ ಅಡಿಕೆಯ ಧಾರಣೆ ತೆರೆಯುತ್ತದೆ. ಆಗ ಬೆಳೆಗಾರರು, ವ್ಯಾಪಾರಿಗಳು ಎಲ್ಲರೂ ಒಟ್ಟಿಗೆ ಫೋನ್ ಎತ್ತುತ್ತಿದ್ದರು. ಸದ್ದು ಬರಲು ಅರ್ಧ ನಿಮಿಷ, ಕೆಲವೊಮ್ಮೆ ಒಂದು ನಿಮಿಷ ಹಿಡಿಯುತ್ತಿತ್ತು.

ಇದು ನನ್ನ ಸೋದರಮಾವ ನಾರಾಯಣಮೂರ್ತಿಯವರಿಗೆ ಹಿಡಿಸಲಿಲ್ಲ. ಮಾವ ಊರಿನ ದೊಡ್ಡ ಬೆಳೆಗಾರರು, ಎಕ್ಸ್‌ಚೇಂಜ್ ಊರಿಗೆ ಬರಲಿಕ್ಕೆ ನಾಲ್ಕು ಕಡೆ ಓಡಾಡಿದವರು. ಒಂದು ದಿನ ಯಂತ್ರದ ಕೋಣೆಗೇ ಬಂದರು.

“ಎಂತದು ಕೇಶವ ಇದು? ಆ ಗೂಡಂಗಡಿ ಉಮ್ಮರ್ ಎತ್ತಿದ್ರೂ ನಾನು ಎತ್ತಿದ್ರೂ ಒಂದೇಯಾ? ನಾಲ್ಕು ಮಂದಿ ಮಾತಾಡ್ತಾರೆ, ಸೋದರಳಿಯ ಇದ್ದೂ ಉಪಯೋಗ ಇಲ್ಲ ಅಂತ.”

“ಮೆಷಿನಿಗೆ ಎಲ್ಲರೂ ಒಂದೇ ಮಾವ.”

“ಮೆಷಿನಿಗೆ ಬುದ್ಧಿ ಕೊಟ್ಟದ್ದು ನೀನಲ್ವಾ? ಸ್ವಲ್ಪ ನಮಗೆ ಬೇಗ ಸಿಗುವ ಹಾಗೆ ಮಾಡು ಮಾರಾಯ. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ.”

ಮಾವನ ಒತ್ತಾಯಕ್ಕೆ ಮಾಡಿದೆ ಎಂದು ಬರೆದರೆ ಸುಳ್ಳಾದೀತು. ನನ್ನ ಕೈಯಲ್ಲಿ ಆಗುತ್ತದೆ ಎಂದು ತೋರಿಸಿಕೊಳ್ಳುವ ಚಪಲ ನನಗೇ ಇತ್ತು. ಯಾರ ಅನುಮತಿಯನ್ನೂ ಕೇಳದೆ ಸರದಿಯ ಪ್ರೋಗ್ರಾಮನ್ನು ತಿದ್ದಿ, ಹೊಸ ಚಿಪ್ಪಿಗೆ ಇಳಿಸಿ, ಯಂತ್ರಕ್ಕೆ ಹಾಕಿದೆ. ಈಗ ಎರಡು ಸಾಲು. ಮೊದಲ ಸಾಲಿಗೆ ಇಪ್ಪತ್ತೆರಡು ಫೋನು. ಅದರಲ್ಲಿ ಪೊಲೀಸರದ್ದು ಒಂದು, ಬ್ಯಾಂಕಿನದ್ದು ಒಂದು, ಸೊಸೈಟಿಯದ್ದು ಒಂದು. ಉಳಿದ ಹತ್ತೊಂಬತ್ತು ನಮ್ಮ ನೆಂಟರು ಮತ್ತು ಮಾವನ ಸ್ನೇಹಿತರದ್ದು. ಮೊದಲ ಸಾಲು ಪೂರ್ತಿ ಖಾಲಿಯಾದ ಮೇಲೆಯೇ ಯಂತ್ರ ಎರಡನೇ ಸಾಲಿನ ಕಡೆ ನೋಡಬೇಕು. ಉಮ್ಮರನ ಅಂಗಡಿಯಲ್ಲಿದ್ದ ಸಾರ್ವಜನಿಕ ಫೋನು ಎರಡನೇ ಸಾಲಿಗೆ ಹೋಯಿತು.

ಆ ಚಿಪ್ ಹಾಕಿದ ದಿನ ಮುಂಡಪ್ಪನವರು ಕೋಣೆಯಲ್ಲಿದ್ದರು. ಎಂತ ಮಾಡಿದ್ರಿ ಎಂದು ಕೇಳಿದರು. ಅವರಿಗೆ ಅರ್ಥವಾಗುವ ಹಾಗೆ ಹೇಳುವ ಉಮೇದಿನಲ್ಲಿ ನಾನು ನಮ್ಮ ಮನೆಯ ಊಟದ ಪಂಕ್ತಿಯ ಉದಾಹರಣೆ ಕೊಟ್ಟೆ. ಅದಕ್ಕೆ ಹಿಂದಿನ ವಾರವಷ್ಟೇ ಮಾವನ ಮನೆಯಲ್ಲಿ ಉಪನಯನವಾಗಿತ್ತು. ಮೊದಲ ಪಂಕ್ತಿ ಚಾವಡಿಯಲ್ಲಿ, ನಮ್ಮದು. ಅದು ಎದ್ದ ಮೇಲೆ ಎರಡನೆಯದು. ಉಳಿದವರಿಗೆ ಆಮೇಲೆ ಅಂಗಳದಲ್ಲಿ. ಮನೆಯ ಫೋನನ್ನು ಚಪ್ಪರಕ್ಕೆ ಎಳೆದುಕೊಟ್ಟ ಮುಂಡಪ್ಪನವರು ಮೂರೂವರೆ ಗಂಟೆಯ ತನಕ ಕಾದು ಅಂಗಳದಲ್ಲಿ ಉಂಡಿದ್ದರು.

“ಹಾಗೆಯೇ ಇದು ಸಹ,” ಎಂದೆ. “ಮೊದಲ ಪಂಕ್ತಿ ಎದ್ದ ಮೇಲೆ ಎರಡನೇ ಪಂಕ್ತಿ.”

ಮುಂಡಪ್ಪನವರು ಕೇಳಿದರು. “ಮೊದಲ ಪಂಕ್ತಿಯವರು ಎದ್ದು, ಕೈ ತೊಳೆದು, ಪುನಃ ಬಂದು ಕೂತ್ರೆ ಭಟ್ರೇ?”

ನಾನು ಜೋರಾಗಿ ನಕ್ಕೆ. “ಉಂಡವರು ಪುನಃ ಯಾಕೆ ಕೂರ್ತಾರೆ ಮಾರಾಯ?”

ಅವರೂ ನಕ್ಕರು. ಕಾರ್ಖಾನೆಯಲ್ಲಿ ನನಗೆ ಪಾಠ ಹೇಳಿದವರು ಕೇಳಬೇಕಾದ ಪ್ರಶ್ನೆ ಅದು. ಹುಟ್ಟಿದಂದಿನಿಂದ ಮೊದಲ ಪಂಕ್ತಿಯಲ್ಲೇ ಉಂಡವನಿಗೆ ಅದು ಹೊಳೆಯಲಿಲ್ಲ. ಅಂಗಳದಲ್ಲಿ ಕಾದು ಗೊತ್ತಿದ್ದವರಿಗೆ ಕೂಡಲೇ ಹೊಳೆಯಿತು. ಆರು ತಿಂಗಳು ಏನೂ ಆಗಲಿಲ್ಲ, ಮಾವ ಊರಿಡೀ ನನ್ನನ್ನು ಹೊಗಳಿದರು.

೧೯೮೭ರ ಏಪ್ರಿಲ್ ತಿಂಗಳ ಒಂದು ಗುರುವಾರ ಅಡಿಕೆ ಧಾರಣೆ ಒಮ್ಮೆಲೇ ಏರಿತು. ಗಂಟೆಗೊಂದು ರೇಟು. ಮೊದಲ ಸಾಲಿನ ಎಲ್ಲರೂ ಹತ್ತೂವರೆಗೆ ಫೋನ್ ಎತ್ತಿದರು. ಬಂಟ್ವಾಳದ ಕಡೆಗೆ ನಮಗಿದ್ದದ್ದು ನಾಲ್ಕೇ ತಂತಿಯ ದಾರಿ. ಅವು ತುಂಬಿದ ಮೇಲೆ ಉಳಿದವರಿಗೆ ಎಂಗೇಜ್ ಸದ್ದು. ಎಂಗೇಜ್ ಬಂದವರು ಏನು ಮಾಡುತ್ತಾರೆ? ಇಟ್ಟು, ಕೂಡಲೇ ಪುನಃ ಎತ್ತುತ್ತಾರೆ. ಪುನಃ ಮೊದಲ ಸಾಲಿನಲ್ಲೇ ನಿಲ್ಲುತ್ತಾರೆ. ಅವರು ಎದ್ದು, ಕೈ ತೊಳೆದು, ಪುನಃ ಕುಳಿತರು. ಹತ್ತೂವರೆಯಿಂದ ಒಂದು ಗಂಟೆಯ ತನಕ ಮೊದಲ ಸಾಲು ಒಂದು ಕ್ಷಣವೂ ಖಾಲಿಯಾಗಲಿಲ್ಲ.

ಅದೇ ಹೊತ್ತಿಗೆ ಉಮ್ಮರನ ಅಂಗಡಿಯ ಹಿಂದೆ ತೆಂಗಿನಕಾಯಿ ಕೀಳುತ್ತಿದ್ದ ಲೋಕಯ್ಯ ಮರದಿಂದ ಬಿದ್ದ. ಪ್ರಜ್ಞೆ ಇತ್ತು, ಆದರೆ ಏಳಲು ಆಗುತ್ತಿರಲಿಲ್ಲ. ಬೆಳ್ತಂಗಡಿಯ ಆಸ್ಪತ್ರೆಯ ಜೀಪಿಗೆ ಹೇಳೋಣವೆಂದು ಉಮ್ಮರ್ ಫೋನ್ ಎತ್ತಿದ. ಸದ್ದಿಲ್ಲ. ಇಟ್ಟು ಪುನಃ ಎತ್ತಿದ. ಎಕ್ಸ್‌ಚೇಂಜಿಗೆ ಯಾರನ್ನಾದರೂ ಓಡಿಸಬಹುದಿತ್ತಲ್ಲ ಎಂದು ಆಮೇಲೆ ಜಾಣರೆಲ್ಲ ಹೇಳಿದರು. ಕೈಯಲ್ಲಿ ಫೋನ್ ಇರುವಾಗ, ಈಗ ಬಂದೀತು, ಇನ್ನೊಂದು ಸಲ ನೋಡುವ ಎಂದೇ ಯಾರಿಗಾದರೂ ಅನ್ನಿಸುವುದು. ನಲವತ್ತು ನಿಮಿಷ ಹಾಗೆಯೇ ಹೋಯಿತು. ಅಷ್ಟರಲ್ಲಿ ಬೆಳ್ತಂಗಡಿಯ ಬಸ್ಸು ಬಂತು. ನಾಲ್ಕು ಜನ ಲೋಕಯ್ಯನನ್ನು ಎತ್ತಿ, ಬಸ್ಸಿನ ಸೀಟಿನಲ್ಲಿ ಕೂರಿಸಿ, ಎರಡೂ ಬದಿ ಹಿಡಿದುಕೊಂಡು ಹೋದರು. ಬೆನ್ನುಮೂಳೆ ಮುರಿದವನನ್ನು ಕೂರಿಸಿ ತಂದದ್ದರಿಂದಲೇ ನರಕ್ಕೆ ಪೆಟ್ಟಾಯಿತು ಎಂದು ಡಾಕ್ಟರು ಹೇಳಿದರು. ಜೀಪಿನಲ್ಲಿ ಹಲಗೆಯ ಮೇಲೆ ಮಲಗಿಸಿ ತಂದಿದ್ದರೆ ಬೇರೆಯೇ ಆಗುತ್ತಿತ್ತಂತೆ. ಲೋಕಯ್ಯ ಮತ್ತೆ ಸ್ವಂತ ಕಾಲಲ್ಲಿ ನಿಲ್ಲಲಿಲ್ಲ.

ಬಸ್ಸು ಹೋದ ಮೇಲೆ ಮುಂಡಪ್ಪನವರು ಅಲ್ಲಿಗೆ ಬಂದರು. ಸುದ್ದಿ ಕೇಳಿ ಕಂಬ ಹತ್ತಿ ನೋಡಿ, ಸೈಕಲ್ ತುಳಿದುಕೊಂಡು ನನ್ನ ಹತ್ತಿರ ಬಂದರು.

“ಲೈನಿನಲ್ಲಿ ಜೀವ ಉಂಟು ಭಟ್ರೇ. ಕುಂಯ್ ಮಾತ್ರ ಬರುವುದಿಲ್ಲ. ಒಳಗಿನದ್ದು ಒಮ್ಮೆ ನೋಡ್ತೀರಾ?”

ನಾನು ಅದೇ ಹೊತ್ತಿಗೆ ಮಾವನೊಂದಿಗೆ ಫೋನಿನಲ್ಲಿದ್ದೆ. ಕೈಸನ್ನೆಯಲ್ಲೇ ತಡೆದು, ಮಾತು ಮುಗಿಸಿ, ಸಿಡುಕಿದೆ. “ಒಳಗೆ ಎಲ್ಲ ಸರಿ ಉಂಟು. ಎಲ್ಲಾದ್ರೂ ಜಾಯಿಂಟ್ ಸಡಿಲ ಆಗಿರ್ತದೆ. ನಿನ್ನ ಕೆಲಸ ನೀನು ಸರಿಯಾಗಿ ಮಾಡು, ಆಮೇಲೆ ನನ್ನದು ಹೇಳು.”

ಎಕ್ಸ್‌ಚೇಂಜಿನಿಂದ ಉಮ್ಮರನ ಅಂಗಡಿಗೆ ಮೂವತ್ತೆರಡು ಕಂಬ. ಆ ಬಿಸಿಲಿನಲ್ಲಿ ಅವರು ಒಂದೊಂದನ್ನೇ ಹತ್ತಿ ಇಳಿಯತೊಡಗಿದರು. ಹದಿನೇಳನೆಯದರಲ್ಲಿ ಇದ್ದಾಗ, ಒಂದು ಗಂಟೆಯ ಸುಮಾರಿಗೆ, ಮಾರುಕಟ್ಟೆ ತಣ್ಣಗಾಗಿ ಎರಡನೇ ಸಾಲಿಗೂ ಸರದಿ ಬಂತು. ಅವರ ಕರಿ ಫೋನಿನಲ್ಲಿ ಸದ್ದು ಕೇಳಿಸಿತು. ವಾಪಸು ಬಂದು, “ನಾನು ಎಂತದೂ ಮಾಡ್ಲಿಲ್ಲ ಭಟ್ರೇ, ಅದರಷ್ಟಕ್ಕೇ ಬಂತು” ಎಂದರು. ಬೇರೆ ಯಾರಾದರೂ ಆಗಿದ್ದರೆ, ನಾನೇ ಸರಿ ಮಾಡಿದೆ ಎಂದು ಹೇಳಿಕೊಳ್ಳುತ್ತಿದ್ದರು.

ಅವರು ಹೋದ ಮೇಲೆ ನನಗೆ ಯಾಕೋ ಸಮಾಧಾನವಾಗಲಿಲ್ಲ. ದಿನದ ಲೆಕ್ಕವನ್ನು ಯಂತ್ರ ಒಂದು ಸಣ್ಣ ಕಾಗದದ ಸುರುಳಿಯಲ್ಲಿ ಅಚ್ಚು ಹಾಕಿಕೊಡುತ್ತಿತ್ತು. ತೆಗೆದು ನೋಡಿದೆ. ಉಮ್ಮರ್ ಇಪ್ಪತ್ತಾರು ಸಲ ಎತ್ತಿದ್ದ. ಇಪ್ಪತ್ತಾರು ಸಲವೂ ಸರದಿ ಸಿಕ್ಕಿರಲಿಲ್ಲ. ಅದರ ಕೆಳಗಿನ ಸಾಲನ್ನು ಎರಡು ಸಲ ಓದಿದೆ. ಬೆಳ್ತಂಗಡಿಗೆ ಹೋಗುವ ಎರಡು ದಾರಿಗಳೂ ಅಷ್ಟು ಹೊತ್ತು ಖಾಲಿ ಇದ್ದವು. ಎಲ್ಲರೂ ಬಂಟ್ವಾಳಕ್ಕೆ ಮುಗಿಬಿದ್ದಿದ್ದರು. ಲೋಕಯ್ಯನಿಗೆ ಬೇಕಾಗಿದ್ದ ದಾರಿ ತೆರೆದೇ ಇತ್ತು, ನಾನು ಬಾಗಿಲಲ್ಲಿ ಸಾಲು ನಿಲ್ಲಿಸಿದ್ದೆ. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಮೂರನೇ ದಿನ ಮಂಗಳೂರಿನಿಂದ ಒಬ್ಬರು ಅಧಿಕಾರಿ ವಿಚಾರಣೆಗೆ ಬಂದರು. ಆ ಹೊತ್ತಿಗೆ ಇನ್ನೊಂದು ಸಂಗತಿ ನಡೆಯುತ್ತಿತ್ತು. ಹತ್ತು ವರ್ಷ ದಿನಗೂಲಿ ಮಾಡಿದವರನ್ನು ಖಾಯಂ ಮಾಡುವ ಪಟ್ಟಿ ಮುಂದಿನ ತಿಂಗಳು ಹೋಗುವುದಿತ್ತು. ನಮ್ಮ ಭಾಗದಿಂದ ಮೊದಲ ಹೆಸರು ಮುಂಡಪ್ಪನವರದ್ದು. ಖಾಯಂ ಆದ ಮೇಲೆ ಮಗಳಿಗೆ ಗಂಡು ನೋಡುವುದೆಂದು ಹೆಂಡತಿ ಸುಂದರಿ ಹೇಳುತ್ತಿದ್ದುದು ನನಗೂ ಗೊತ್ತಿತ್ತು. ಆ ಪಟ್ಟಿಯ ಅರ್ಜಿಯನ್ನು ತುಂಬಿಸಿ ಕೊಟ್ಟವನೇ ನಾನು.

ಅಧಿಕಾರಿ ಮೊದಲು ನನ್ನನ್ನು ಕೇಳಿದರು. “ಆ ದಿನ ಮೆಷಿನ್ ಸರಿ ಇತ್ತಾ?”

“ಸರಿ ಇತ್ತು ಸಾರ್.”

ಸುಳ್ಳಲ್ಲ ನೋಡಿ. ನಾನು ಹೇಳಿಕೊಟ್ಟದ್ದನ್ನು ಅದು ಒಂದಕ್ಷರ ತಪ್ಪದೆ ಮಾಡಿತ್ತು. ಇಂಥ ಮಾತಿನ ಚಮತ್ಕಾರದಿಂದ ನನ್ನನ್ನು ನಾನೇ ಎಷ್ಟೋ ದಿನ ಸಮಾಧಾನ ಮಾಡಿಕೊಂಡಿದ್ದೇನೆ. ಈಗ ಅದನ್ನು ನೆನೆದರೆ ಹೇಸಿಗೆಯಾಗುತ್ತದೆ.

ಆಮೇಲೆ ಮುಂಡಪ್ಪನವರನ್ನು ಕೇಳಿದರು. ಅವರು ಕೈಕಟ್ಟಿ ನಿಂತಿದ್ದರು. “ಲೈನ್ ಸರಿ ಇತ್ತು ಸಾರ್. ನಾನು ಹತ್ತಿ ನೋಡಿದ್ದೇನೆ.”

“ಮೆಷಿನ್ ಸರಿ, ಲೈನ್ ಸರಿ. ಹಾಗಾದ್ರೆ ಫೋನ್ ಯಾಕೆ ಸತ್ತಿತ್ತು? ಯಾವಾಗ ಸರಿಯಾಯ್ತು?”

“ಹದಿನೇಳನೇ ಕಂಬದಲ್ಲಿ ಇರುವಾಗ ಸಾರ್.”

“ಅಲ್ಲಿಗೆ ಆಯ್ತಲ್ಲ, ತಪ್ಪು ಆ ಕಂಬದಲ್ಲೇ,” ಎಂದು ಅಧಿಕಾರಿ ಪೆನ್ನು ತೆಗೆದರು.

ಮುಂಡಪ್ಪನವರು ನನ್ನ ಮುಖ ನೋಡಿದರು. ಆರೋಪ ಮಾಡುವ ನೋಟವಲ್ಲ ಅದು. ಇಂಜಿನಿಯರು ಏನಾದರೂ ಹೇಳಿಯಾರು ಎಂದು ಕಾದಂತಿತ್ತು. ಕಾಗದದ ಸುರುಳಿ ಜೇಬಿನಲ್ಲೇ ಇತ್ತು. ನಾನು ಕಿಟಕಿಯ ಹೊರಗೆ ನೋಡಿದೆ.

ಕೆಲಸ ಹೋದೀತೆಂಬ ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ದೊಡ್ಡದಾಗಿ ನನ್ನನ್ನು ಕಟ್ಟಿಹಾಕಿದ್ದು ಆ ಇಪ್ಪತ್ತೆರಡು ನಂಬರುಗಳ ಪಟ್ಟಿ. ಅದನ್ನು ಅಧಿಕಾರಿ ಎಲ್ಲರೆದುರು ಜೋರಾಗಿ ಓದಿದರೆ? ಇದು ಯಾರ ಮನೆ, ಇದು ಯಾರದ್ದು ಎಂದು ಕೇಳಿದರೆ? ಮುಂಡಪ್ಪನವರೆದುರು ನಾನು ಉತ್ತರ ಹೇಳಬೇಕಾಗುತ್ತಿತ್ತು. ನಾಚಿಕೆಯಾಗುತ್ತದೆಂದು ಬಾಯಿ ಮುಚ್ಚಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಶಾಲೆಯಲ್ಲಿ ಉರು ಹೊಡೆದಿದ್ದೆ. ಬರೆ ಹಾಕುವಾಗ ಹತ್ತಿರ ನಿಂತು ನೋಡಿದ್ದು ಅದೇ ಮೊದಲು.

ಪಟ್ಟಿಯಿಂದ ಮುಂಡಪ್ಪನವರ ಹೆಸರು ಹೋಯಿತು. ಜೊತೆಗೆ ನಾಳೆಯಿಂದ ಬರಬೇಡ ಎಂದೂ ಹೇಳಿದರು. ದಿನಗೂಲಿಯವನಿಗೆ ನೋಟೀಸು ಬೇಕಾಗುವುದಿಲ್ಲ. ಅವರು ಕಟಿಂಗ್ ಪ್ಲೇಯರನ್ನು ಒರೆಸಿ, ಕರಿ ಫೋನಿನ ತಂತಿಯನ್ನು ಸುತ್ತಿ ನನ್ನ ಮೇಜಿನ ಮೇಲಿಟ್ಟರು. “ಬರ್ತೇನೆ ಭಟ್ರೇ” ಎಂದರು. ನಾನು “ಆಯ್ತು” ಎಂದೆ.

ಮರುದಿನ ಆದಿತ್ಯವಾರ. ಕೋಣೆಯ ಬಾಗಿಲು ಹಾಕಿಕೊಂಡು ಎರಡು ಸಾಲುಗಳನ್ನು ಕಿತ್ತು ಹಾಕಿದೆ. ಎಲ್ಲರಿಗೂ ಒಂದೇ ಸಾಲು. ಅದರ ಮೇಲೆ, ಎಂಗೇಜ್ ಬಂದು ಪುನಃ ಎತ್ತಿದವನು ಎಲ್ಲರಿಗಿಂತ ಹಿಂದೆ ನಿಲ್ಲಬೇಕು, ಹೆಚ್ಚು ಕಾದವನು ತಾನಾಗಿ ಮುಂದೆ ಬರಬೇಕು ಎಂಬ ನಿಯಮ ಸೇರಿಸಿದೆ. ಒಳ್ಳೆಯ ಕೆಲಸವೇ ಅದು. ನಾನು ಬರೆದ ಪ್ರೋಗ್ರಾಮುಗಳಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಬೇರೆ ಇಲ್ಲ. ಇನ್ನು ಯಾರಿಗೂ ಹೀಗಾಗದು, ಸತ್ಯ ಹೇಳದಿದ್ದರೂ ತಪ್ಪನ್ನು ತಿದ್ದಿದೆನಲ್ಲ ಎಂದುಕೊಂಡೆ. ಮಾವ ಒಂದು ವಾರ ಗೊಣಗಿದರು. ಮೆಷಿನ್ ಹಳೆಯದಾಯಿತು ಎಂದು ಹೇಳಿ ತಪ್ಪಿಸಿಕೊಂಡೆ.

ಹದಿನೈದು ದಿನ ಕಳೆದ ಮೇಲೆ ಉಮ್ಮರನ ಅಂಗಡಿಗೆ ಹೋಗಿದ್ದೆ. ಆತ ಖುಷಿಯಲ್ಲಿದ್ದ.

“ಈಗ ಫೋನ್ ಭಾರೀ ಚಂದ ಉಂಟು ಭಟ್ರೇ. ಎತ್ತಿದ ಕೂಡ್ಲೇ ಕುಂಯ್. ಹೊಸ ಲೈನ್‌ಮ್ಯಾನ್ ಒಳ್ಳೆ ಜನ.” ಮತ್ತೆ ಸ್ವರ ತಗ್ಗಿಸಿ ಹೇಳಿದ, “ಮುಂಡಪ್ಪಣ್ಣನ ಬಗ್ಗೆ ನಾನು ನಂಬಿರ್ಲಿಲ್ಲ. ಆದ್ರೆ ಅವರು ಹೋದದ್ದೇ ಸರಿಯಾಯ್ತಲ್ಲ, ಎಂತ ಹೇಳುವುದು?”

ಆ ಮಾತು ನನಗೆ ಕಪಾಳಕ್ಕೆ ಹೊಡೆದಂತಾಯಿತು. ಊರಿನಲ್ಲಿ ಎಲ್ಲರೂ ಅದನ್ನೇ ಆಡುತ್ತಿದ್ದರು. ಮಂಗಳೂರಿನ ಅಧಿಕಾರಿಯೂ ಕಡತದಲ್ಲಿ ಹಾಗೆಯೇ ಬರೆದರು: ಲೈನ್‌ಮ್ಯಾನ್ ಬದಲಾದ ಮೇಲೆ ದೂರುಗಳಿಲ್ಲ. ನಾನು ಕದ್ದು ಮಾಡಿದ ರಿಪೇರಿಯೇ ಅವರ ವಿರುದ್ಧ ಸಾಕ್ಷಿಯಾಯಿತು. ತಿದ್ದದೆ ಬಿಟ್ಟಿದ್ದರೆ, ಮುಂದಿನ ಧಾರಣೆಯ ದಿನ ಫೋನು ಪುನಃ ಸತ್ತು, ಮುಂಡಪ್ಪನವರ ತಪ್ಪಲ್ಲವೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಸತ್ಯ ಹೇಳಿ ತಿದ್ದಬೇಕಿತ್ತು. ಸತ್ಯ ಹೇಳದೆ ತಿದ್ದಿ ಅವರ ದಾರಿಯನ್ನು ಎರಡನೇ ಸಲ ಮುಚ್ಚಿದೆ.

ಅವರು ಊರು ಬಿಟ್ಟು ಕೊಕ್ಕಡದ ಕಡೆ ಒಂದು ರಬ್ಬರ್ ತೋಟದಲ್ಲಿ ಕೆಲಸಕ್ಕೆ ಸೇರಿದ್ದಾರೆಂದು ಕೇಳಿದೆ. ಹೋಗಬೇಕು, ಎಲ್ಲ ಹೇಳಬೇಕು ಎಂದುಕೊಳ್ಳುತ್ತ ಎರಡು ವರ್ಷ ಕಳೆದೆ. ಹಬ್ಬ ಮುಗಿಯಲಿ, ಯಂತ್ರದ ಬೇಸಿಗೆಯ ರಿಪೇರಿ ಮುಗಿಯಲಿ. ನೆವಗಳಿಗೆ ನನ್ನಲ್ಲಿ ಯಾವಾಗಲೂ ಮೊದಲ ಸರದಿ. ಕೊನೆಗೆ ೧೯೮೯ರ ಫೆಬ್ರವರಿಯಲ್ಲಿ ಒಂದು ದಿನ ರಜೆ ಹಾಕಿ ಬಸ್ ಹತ್ತಿದೆ. ಹೇಳುವ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಆಮೇಲೆ ಮಂಗಳೂರಿಗೂ ಬರೆದುಕೊಡುವುದೆಂದು ನಿಶ್ಚಯಿಸಿದ್ದೆ. ಅಷ್ಟಾದರೆ ಅವರಿಗೆ ಹೋದ ಕೆಲಸ ಪುನಃ ಸಿಗುವ ಸಾಧ್ಯತೆ ಇನ್ನೂ ಇತ್ತು.

ಮಧ್ಯಾಹ್ನದ ಹೊತ್ತು. ಅವರು ಮನೆಯ ಬದಿಯಲ್ಲಿ ಒತ್ತಿದ ರಬ್ಬರ್ ಹಾಳೆಗಳನ್ನು ಬಿಸಿಲಿಗೆ ಹರಡುತ್ತಿದ್ದರು. ನನ್ನನ್ನು ಕಂಡು ಎರಡೂ ಕೈ ಒರೆಸಿಕೊಂಡು ಓಡಿ ಬಂದರು.

“ಭಟ್ರೇ! ನೀವಾ? ಇಷ್ಟು ದೂರ! ಸುಂದರೀ, ಯಾರು ಬಂದದ್ದು ನೋಡು, ಕುರ್ಚಿ ತಾ.”

ಕೂರಿಸಿ ಎಳನೀರು ಕೊಟ್ಟರು. ಯಂತ್ರ ಹೇಗುಂಟು, ಉಮ್ಮರ್ ಹೇಗಿದ್ದಾನೆ ಎಂದೆಲ್ಲ ಕೇಳಿದರು. ಮಗಳಿಗೆ ಇನ್ನೂ ಗಂಡು ಸಿಕ್ಕಿರಲಿಲ್ಲ. ನಾನು ಕೇಳಿದ ಮೇಲೆಯೇ ಅದನ್ನು ಹೇಳಿದರು. ನಾನು ಎಳನೀರು ಕೆಳಗಿಟ್ಟು, “ಮುಂಡಪ್ಪ, ನಾನು ಒಂದು ವಿಷಯ...” ಎಂದು ಶುರು ಮಾಡುವಷ್ಟರಲ್ಲಿ ಅವರೇ ಕೈಯೆತ್ತಿದರು.

“ಭಟ್ರೇ, ಮೊದಲು ನಾನೊಂದು ಕೇಳ್ತೇನೆ. ಬೇಜಾರು ಮಾಡ್ಬೇಡಿ. ಎರಡು ವರ್ಷದಿಂದ ನನ್ನ ತಲೆಯಲ್ಲಿ ಉಂಟು ಅದು. ನಾನು ಹೋದ ಮೇಲೆ ಫೋನ್ ಒಮ್ಮೆಯೂ ಹಾಳಾಗ್ಲಿಲ್ಲ ಅಂತೆ, ಹೌದಾ?”

“ಹೌದು.”

“ಹಾಗಾದ್ರೆ ನನ್ನದೇ ತಪ್ಪು. ಅದು ನನಗೆ ಅರ್ಥ ಆಗಿದೆ. ಎಲ್ಲಿ ಅಂತ ಮಾತ್ರ ಗೊತ್ತಾಗುವುದಿಲ್ಲ. ರಬ್ಬರ್ ಗೀರುವಾಗ ಒಂದೊಂದು ಮರಕ್ಕೆ ಒಂದೊಂದು ಕಂಬ ನೆನಪು ಮಾಡ್ತೇನೆ. ಮೂವತ್ತೆರಡಕ್ಕೂ ಹತ್ತಿ ನೋಡಿದ ಹಾಗೆ. ಎಲ್ಲ ಸರಿಯೇ ಇದ್ದ ಹಾಗೆ ಕಾಣ್ತದೆ. ನೀವು ಓದಿದವರು, ಮೆಷಿನ್ ಗೊತ್ತಿದ್ದವರು. ನನ್ನ ತಪ್ಪು ಎಲ್ಲಿ ಆದದ್ದು? ಹೇಳಿ.”

ಜೋಡಿಸಿಟ್ಟ ಮಾತೆಲ್ಲ ಸಿದ್ಧವಾಗಿತ್ತು. ಎದುರಿಗೆ ಅವರ ಮುಖವಿತ್ತು. ಲೈನ್ ಸರಿ ಇತ್ತು ಎಂದು ಅಧಿಕಾರಿಯ ಎದುರು ಹೇಳಿದ್ದ ಆ ಮನುಷ್ಯ ಈಗ ತನ್ನ ಕೈಯನ್ನೇ ನಂಬುತ್ತಿರಲಿಲ್ಲ. ಸುಂದರಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಆ ಒಂದು ಕ್ಷಣದಲ್ಲಿ ನಾನು ಏನು ಎಂಬುದು ನನಗೆ ಪೂರ್ತಿ ಗೊತ್ತಾಗಿ ಹೋಯಿತು.

“ಹದಿನೇಳನೇ ಕಂಬದ ಜಾಯಿಂಟ್ ಇರಬೇಕು ಮುಂಡಪ್ಪ,” ಎಂದೆ. “ಒಳಗೆ ಸ್ವಲ್ಪ ಕಿಲುಬು ಹಿಡಿದಿತ್ತು. ಹೊರಗಿನಿಂದ ಕಾಣುವುದಿಲ್ಲ.”

ಅವರು ಕಣ್ಣು ಮುಚ್ಚಿದರು. ಆಮೇಲೆ ನಿಧಾನಕ್ಕೆ ತಲೆಯಾಡಿಸಿದರು. ಮುಖದಲ್ಲಿ ನೋವಿರಲಿಲ್ಲ. ಹೊರೆ ಇಳಿಸಿದವರ ಹಾಗೆ ಉಸಿರು ಬಿಟ್ಟರು.

“ಅದು ನಾನೇ ಹಾಕಿದ ಜಾಯಿಂಟ್. ಕೇಳಿದ್ಯಾ ಸುಂದರೀ, ಗೊತ್ತಾಯ್ತು.” ನನ್ನ ಕಡೆ ತಿರುಗಿದರು. “ನಿಮ್ಮಿಂದ ಉಪಕಾರ ಆಯ್ತು ಭಟ್ರೇ. ಲೋಕಯ್ಯನ ಮನೆಗೆ ಹೋಗ್ಬೇಕು ಅಂತ ಇತ್ತು. ಎಂತ ತಪ್ಪು ಅಂತಲೇ ಗೊತ್ತಿಲ್ಲದೆ ಹೋಗಿ ಏನು ಹೇಳುವುದು? ನಾಳೆ ಹೋಗಿ ಬರ್ತೇನೆ.”

ಬೇಡ ಎಂದು ನಾನು ಹೇಳಲಿಲ್ಲ. ಸಂಜೆಯ ಬಸ್ಸಿಗೆ ಅವರೇ ಬಂದು ಹತ್ತಿಸಿದರು.

ಮರುದಿನ ಅವರು ಲೋಕಯ್ಯನ ಮನೆಗೆ ಹೋದರು. ಉಮ್ಮರ್ ಜೊತೆಯಲ್ಲಿದ್ದ, ಅವನೇ ನನಗೆ ಹೇಳಿದ್ದು. ಚಾಪೆಯ ಬದಿಯಲ್ಲಿ ಕುಳಿತು, ಹದಿನೇಳನೇ ಕಂಬದ ಜಾಯಿಂಟ್ ತನ್ನ ಕೈಯಿಂದ ಸರಿಯಾಗದೆ ಹೀಗಾಯಿತು, ತಪ್ಪಾಯಿತು ಎಂದರಂತೆ. ಲೋಕಯ್ಯ ಮಲಗಿದಲ್ಲಿಂದಲೇ ಕೈ ಚಾಚಿ ಮುಂಡಪ್ಪನವರ ಕೈ ಹಿಡಿದು, ಹೋಗಲಿ ಬಿಡಿ ಎಂದು ಕ್ಷಮಿಸಿದನಂತೆ.